ಮಣ್ಣಿನ ಕುಡಿಕೆ: ಪಾಲ್ವಂಕರ್ ಬಾಲೂ ಅವರ ಬಾಳು

ನಮ್ಮ ಚಿತ್ರದುರ್ಗದ ಮಗ್ಗುಲಲ್ಲೇ ಹಾದುಹೋಗುವ ಹೆದ್ದಾರಿಯನ್ನು ಹಿರಿಯರು ಇಂದಿಗೂ ಪುಣೆ-ಬೆಂಗಳೂರು ರಸ್ತೆಯೆಂದೇ ಕರೆಯುತ್ತಾರೆ. ಬೆಂಗಳೂರಿನಿಂದ ಹೊರಟ ಆ ದಾರಿ ಹಿರಿಯೂರನ್ನು ಹಾದು, ದುರ್ಗದ ಬಂಡೆಗಳನ್ನು ಬಳಸಿ, ದಾವಣಗೆರೆ, ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳ ಮೂಲಕ ಸಾತಾರಾ ಮುಟ್ಟಿ, ಪುಣೆಯನ್ನು ಸೇರಿ, ಅಲ್ಲಿಂದ ಘಟ್ಟವಿಳಿದು ಮುಂಬಯಿಯ ಕಡಲಂಚನ್ನು ತಲಪುತ್ತದೆ. ಬಹುಕಾಲ ಈ ರಸ್ತೆಯ ಬದಿಯಲ್ಲೇ ಬಾಳಿದ ನನಗೆ, ದೊಡ್ಡ ಮನುಷ್ಯರೊಬ್ಬರ ಇಡೀ ಜೀವನ ಈ ಒಂದೇ ದಾರಿಯ ಊರುಗಳಲ್ಲಿ ಕಳೆದುಹೋಯಿತೆಂಬುದು ತೀರ ತಡವಾಗಿ ತಿಳಿಯಿತು. ಅವರು ಹುಟ್ಟಿದ್ದು ಧಾರವಾಡದಲ್ಲಿ. ವಿದ್ಯೆ ಕಲಿತದ್ದು ಪುಣೆಯಲ್ಲಿ. ಮೊದಲ ಹೆಸರು ಗಳಿಸಿದ್ದು ಸಾತಾರಾದಲ್ಲಿ. ಬಾಳಿ ಕಣ್ಮುಚ್ಚಿದ್ದು ಮುಂಬಯಿಯಲ್ಲಿ. ವಿದ್ಯೆಯೆಂದರೆ ಪುಸ್ತಕದ ವಿದ್ಯೆಯಲ್ಲ. ಎಡಗೈಯಿಂದ ಚೆಂಡನ್ನು ಎಸೆಯುವ ವಿದ್ಯೆ. ಅವರ ಹೆಸರು ಪಾಲ್ವಂಕರ್ ಬಾಲೂ.

ಆಟಗಾರರೊಬ್ಬರ ಚರಿತ್ರೆಗೆ ಸಾಹಿತ್ಯದ ಪುಟದಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ನಾನು ಕನ್ನಡ ಪಾಠ ಹೇಳುವವನು, ಕ್ರಿಕೆಟ್ಟಿನ ಪಂಡಿತನಲ್ಲ. ಆದರೆ ಕಳೆದ ವರ್ಷ ತರಗತಿಯಲ್ಲಿ ವಚನಗಳ ಪಾಠ ನಡೆಯುತ್ತಿದ್ದಾಗ ಕುಲವೆಂಬುದು ಹುಟ್ಟಿನಿಂದಲೋ ನಡತೆಯಿಂದಲೋ ಎಂಬ ಚರ್ಚೆ ಎದ್ದಿತು. ಹೊಸದುರ್ಗದ ಕಡೆಯಿಂದ ಬರುವ ವಿದ್ಯಾರ್ಥಿಯೊಬ್ಬ ಎದ್ದು ನಿಂತು ತನ್ನ ಅಭಿಪ್ರಾಯವನ್ನು ಹೇಳಿದ. ಸಾಮರ್ಥ್ಯವಿದ್ದವನಿಗೆ ಜಾತಿ ಎಂದೂ ಅಡ್ಡಬರುವುದಿಲ್ಲ, ಬೇಕಾದರೆ ಆಟದ ಬಯಲನ್ನು ನೋಡಬಹುದು ಎಂಬುದು ಆತನ ಮಾತಿನ ಸಾರ. ತರಗತಿಯ ಬಹುಮಂದಿ ತಲೆದೂಗಿದರು. ದಿನವೂ ಹಿರಿಯೂರಿನಿಂದ ಬಸ್ಸಿನಲ್ಲಿ ಬರುವ, ನಮ್ಮ ಕಾಲ್ಚೆಂಡಿನ ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುವ ಹುಡುಗನೊಬ್ಬ ಮಾತ್ರ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದ. ನಾನು ಆ ದಿನ ಉತ್ತರ ಹೇಳದೆ ಪಾಠವನ್ನು ಮುಂದುವರಿಸಿದೆ. ಅಂದು ಹೇಳದ ಉತ್ತರವನ್ನು ಇಂದು ಈ ಜೀವನಕಥೆಯ ಮೂಲಕ ಹೇಳಲು ಯತ್ನಿಸುತ್ತೇನೆ.

ಬಾಲೂ ಹುಟ್ಟಿದ್ದು ೧೮೭೫-೭೬ರ ಸುಮಾರಿನಲ್ಲಿ. ಆಗ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿದ ಕನ್ನಡದ ಊರು. ಮನೆತನದ ಮೂಲ ಕೊಂಕಣದ ಕಡೆಯದು. ಚರ್ಮದ ಕೆಲಸ ಅವರ ಕುಲಕಸುಬು. ಆದಕಾರಣ ಅಂದಿನ ಸಮಾಜದ ಲೆಕ್ಕದಲ್ಲಿ ಅವರು ಅಸ್ಪೃಶ್ಯರು. ತಂದೆಗೆ ಸೈನ್ಯದ ಚಾಕರಿ. ಆ ಚಾಕರಿಯ ದೆಸೆಯಿಂದ ಸಂಸಾರ ಪುಣೆಯ ದಂಡಿನ ಪ್ರದೇಶಕ್ಕೆ ಬಂದಿತು. ಅಲ್ಲಿ ಇಂಗ್ಲಿಷ್ ಅಧಿಕಾರಿಗಳು ಸಂಜೆಯ ಹೊತ್ತು ಕ್ರಿಕೆಟ್ ಆಡುತ್ತಿದ್ದರು. ಅವರು ಆಡಿ ಸವೆಸಿ ಬಿಸಾಡಿದ ಬ್ಯಾಟು ಚೆಂಡುಗಳನ್ನು ಎತ್ತಿಕೊಂಡು ಹುಡುಗ ಬಾಲೂ ತನ್ನ ತಮ್ಮ ಶಿವರಾಮನೊಡನೆ ಆಟ ಕಲಿತ. ಕ್ರಿಕೆಟ್ಟಿನ ಚೆಂಡಿಗೆ ಹೊದಿಸುವುದು ಚರ್ಮ. ಅದನ್ನು ಹದಮಾಡಿ ಹೊಲಿಯುವುದು ಈ ಹುಡುಗರ ಕುಲದವರಂಥವರ ಕೈ. ಆ ಚೆಂಡನ್ನು ಮುಟ್ಟಲು ಯಾವ ಮಡಿವಂತನೂ ಹಿಂಜರಿದದ್ದಿಲ್ಲ. ಅದನ್ನು ಮಾಡಿದ ಕೈಯನ್ನು ಮುಟ್ಟಲು ಮಾತ್ರ ಹಿಂಜರಿಕೆ. ಬಾಲೂ ಅವರ ಬಾಳಿನ ಉದ್ದಕ್ಕೂ ಈ ವಿಪರೀತ ಬೆನ್ನುಹತ್ತಿ ಬಂದಿತು.

ಓದು ಬೇಗನೆ ನಿಂತಿತು. ಮೊದಲಿಗೆ ಪುಣೆಯಲ್ಲಿ ಪಾರಸಿಗಳ ಕ್ರಿಕೆಟ್ ಕ್ಲಬ್ಬೊಂದರಲ್ಲಿ ಅಂಗಣ ಗುಡಿಸುವ, ರೋಲರು ಎಳೆಯುವ ಕೆಲಸ ದೊರೆಯಿತು. ಸಂಬಳ ತಿಂಗಳಿಗೆ ಮೂರು ರೂಪಾಯಿ. ೧೮೯೨ರ ಸುಮಾರಿಗೆ ಬಾಲೂ ಯೂರೋಪಿಯನರ ಪೂನಾ ಕ್ಲಬ್ಬಿಗೆ ಸೇರಿದರು. ಸಂಬಳ ನಾಲ್ಕು ರೂಪಾಯಿಗೆ ಏರಿತು. ಪಿಚ್ಚನ್ನು ಸಮಮಾಡುವುದು, ಗೆರೆ ಹಾಕುವುದು, ಬಲೆ ಕಟ್ಟುವುದು, ಹೊತ್ತು ಮುಳುಗುವಾಗ ಎಲ್ಲವನ್ನೂ ಬಿಚ್ಚಿ ಒಳಗಿಡುವುದು ಅವರ ಕೆಲಸ. ಸಾಹೇಬರ ಅಭ್ಯಾಸಕ್ಕಾಗಿ ಚೆಂಡು ಎಸೆಯುವ ಕೆಲಸ ಆಮೇಲೆ ಇದರ ಜೊತೆಗೆ ಬಂದಿತು. ಕ್ಲಬ್ಬಿನ ಸಾಹೇಬರೊಬ್ಬರು ಆ ಹುಡುಗನ ಕೈಗೆ ಮೊದಲು ಚೆಂಡು ಕೊಟ್ಟರೆಂದು ಹೇಳುತ್ತಾರೆ. ಎಡಗೈಯ ಆ ನಿಧಾನವಾದ ಎಸೆತದಲ್ಲಿ ಏನೋ ವಿಶೇಷವಿದೆಯೆಂಬುದು ಬಲುಬೇಗ ಎಲ್ಲರಿಗೂ ಅರಿವಾಯಿತು.

ಆ ಕ್ಲಬ್ಬಿನ ದೊಡ್ಡ ಬ್ಯಾಟುಗಾರರು ಗ್ರೆಗ್ ಎಂಬ ಸೈನ್ಯಾಧಿಕಾರಿ. ಇಂಗ್ಲೆಂಡಿನ ಹ್ಯಾಂಪ್‌ಷೈರ್ ತಂಡಕ್ಕೂ ಆಡಿದವರು. ಅವರು ಉಳಿದವರಿಗಿಂತ ಒಂದು ಗಂಟೆ ಮುಂಚಿತವಾಗಿ ಬಂದು ಬಾಲೂ ಒಬ್ಬರಿಂದಲೇ ಚೆಂಡು ಎಸೆಸಿಕೊಂಡು ಅಭ್ಯಾಸ ಮಾಡುತ್ತಿದ್ದರಂತೆ. ತಮ್ಮನ್ನು ಔಟು ಮಾಡಿದ ಪ್ರತಿಸಲಕ್ಕೂ ಎಂಟಾಣೆ ಇನಾಮು ಕೊಡುತ್ತಿದ್ದರಂತೆ. ಕಥೆ ಎಷ್ಟರಮಟ್ಟಿಗೆ ನಿಜವೋ, ಅದರ ಹುರುಳು ಮಾತ್ರ ನಿಜ: ಪ್ರತಿದಿನವೂ ನುರಿತ ಬ್ಯಾಟುಗಾರರ ಎದುರಿಗೆ ನೂರಾರು ಎಸೆತಗಳನ್ನು ಎಸೆದು ಎಸೆದು ಬಾಲೂ ಅವರ ಕೈ ಪಳಗಿತು. ಚೆಂಡು ಬಿದ್ದ ಮೇಲೆ ಎತ್ತ ತಿರುಗುವುದೆಂದು ಬ್ಯಾಟುಗಾರನಿಗೆ ತಿಳಿಯದಂತೆ ಎಸೆಯುವುದು, ವೇಗವನ್ನು ಗುಟ್ಟಾಗಿ ಏರಿಸಿ ಇಳಿಸುವುದು, ಬೇಕಾದ ಕಡೆಯಲ್ಲೇ ಚೆಂಡನ್ನು ಬೀಳಿಸುವುದು ಅವರಿಗೆ ಸ್ವಭಾವವಾಯಿತು. ಆದರೆ ಅದೇ ಕ್ಲಬ್ಬಿನಲ್ಲಿ ಅವರ ಕೈಗೆ ಯಾರೂ ಬ್ಯಾಟು ಕೊಡಲಿಲ್ಲ. ಚೆಂಡು ಎಸೆಯುವುದು ಬೆವರಿನ ಕೆಲಸ; ಅದು ಆಳಿಗೆ ಸಲ್ಲುತ್ತದೆ. ಬ್ಯಾಟು ಬೀಸುವುದು ಒಡೆಯನ ಭೋಗ.

ಪುಣೆಯ ಹಿಂದೂಗಳ ಕ್ಲಬ್ಬಿಗೆ ಯೂರೋಪಿಯನರನ್ನು ಸೋಲಿಸಬೇಕೆಂಬ ಹಂಬಲ. ಆ ಯೂರೋಪಿಯನರಿಗೆ ದಿನವೂ ಚೆಂಡು ಎಸೆಯುವ, ಅವರ ಒಬ್ಬೊಬ್ಬರ ದೌರ್ಬಲ್ಯವನ್ನೂ ಬಲ್ಲ ಬೌಲರು ಊರಲ್ಲೇ ಇದ್ದಾರೆ. ಆದರೆ ಅವರು ಅಸ್ಪೃಶ್ಯರು. ಕ್ಲಬ್ಬಿನ ಸದಸ್ಯರಲ್ಲಿ ಎರಡು ಪಕ್ಷವಾಯಿತು. ತೆಲುಗಿನವರು ಕೆಲವರು ಬಾಲೂ ಬೇಕೆಂದರು. ಪುಣೆಯ ಬ್ರಾಹ್ಮಣರಲ್ಲಿ ಹಲವರು ಕೂಡದೆಂದರು. ಕಡೆಗೆ ಗೆಲ್ಲುವ ಆಸೆಯೇ ಮಡಿಯನ್ನು ಗೆದ್ದಿತು. ಬಾಲೂ ತಂಡಕ್ಕೆ ಬಂದರು. ಆದರೆ ಮಡಿ ಪೂರ್ತಿಯಾಗಿ ಸೋಲಲಿಲ್ಲ. ಬೌಂಡರಿಯ ಗೆರೆಯವರೆಗೆ ಮಾತ್ರ ಹಿಂದೆ ಸರಿದು ಅಲ್ಲಿಯೇ ನಿಂತುಕೊಂಡಿತು. ಗೆರೆಯ ಒಳಗೆ ಎಲ್ಲರೂ ಒಂದೇ ಚೆಂಡನ್ನು ಮುಟ್ಟಿದರು. ಚಹಾದ ಹೊತ್ತು ಬಂದಾಗ ಉಳಿದವರೆಲ್ಲ ಪೆವಿಲಿಯನ್ನಿನ ಒಳಗೆ ಪಿಂಗಾಣಿ ಬಟ್ಟಲುಗಳಲ್ಲಿ ಕುಡಿದರು. ಬಾಲೂ ಅವರಿಗೆ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ ಕೊಟ್ಟರು. ಊಟಕ್ಕೆ ಬೇರೆ ತಟ್ಟೆ, ಬೇರೆ ಜಾಗ. ಕೈಕಾಲು ತೊಳೆಯಲು ನೀರು ಬೇಕಾದರೆ ಅವರಂತೆಯೇ ಅಸ್ಪೃಶ್ಯನಾದ ಆಳು ತಂದುಕೊಡಬೇಕು. ಮಧ್ಯಾಹ್ನದವರೆಗೆ ತಂಡದ ಮಾನ ಕಾಪಾಡಿದ ಕೈಗೆ ಮಧ್ಯಾಹ್ನದ ಮೇಲೆ ಒಂದು ಬಟ್ಟಲಿನ ಮಾನ ಸಿಕ್ಕಲಿಲ್ಲ.

ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕವನ್ನು ಮುಚ್ಚಿಟ್ಟೆ. ನಾನು ಬೆಳೆದದ್ದು ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಬೇಸಿಗೆಯಲ್ಲಿ ನೀರು ಬತ್ತಿದ ಕೆರೆಯಂಗಳವೇ ನಮ್ಮ ಮೈದಾನ. ತೆಂಗಿನ ಮಟ್ಟೆಯನ್ನು ಕೆತ್ತಿದರೆ ಅದೇ ಬ್ಯಾಟು. ನಮ್ಮ ಹುಡುಗರಲ್ಲಿ ಎಡಗೈಯಿಂದ ಎಸೆಯುವವನೊಬ್ಬನಿದ್ದ. ಅವನನ್ನು ನಮ್ಮ ಕಡೆಗೆ ಹಾಕಿಕೊಳ್ಳಲು ದಿನವೂ ಜಗಳವಾಗುತ್ತಿತ್ತು. ಆಟ ಮುಗಿದ ಮೇಲೆ ಎಲ್ಲರೂ ನೀರಿಗಾಗಿ ನಮ್ಮ ಮನೆಗೆ ಓಡಿಬರುತ್ತಿದ್ದೆವು. ನಾವು ಜಗಲಿಯ ಮೇಲೆ ಕುಳಿತು ಚೊಂಬಿನಿಂದ ಕುಡಿಯುತ್ತಿದ್ದೆವು. ಅವನು ಜಗಲಿಯ ಕೆಳಗೆ ನಿಂತು ಬೊಗಸೆ ಒಡ್ಡುತ್ತಿದ್ದ. ನಮ್ಮ ಅಜ್ಜಿ ಮೇಲಿನಿಂದ ನೀರು ಹೊಯ್ಯುತ್ತಿದ್ದರು. ಅಜ್ಜಿ ಕೆಟ್ಟವರಲ್ಲ; ಅವನಿಗೆ ಹಸಿವಾಗಿದೆಯೆಂದು ತಿಳಿದರೆ ರೊಟ್ಟಿಯನ್ನೂ ಕೊಡುತ್ತಿದ್ದರು, ಮೇಲಿನಿಂದಲೇ. ನನಗೆ ಆಗ ಹನ್ನೆರಡು ವರ್ಷ. ಅದು ತಪ್ಪೆಂದು ನನಗೆ ತಿಳಿಯದೆ ಇರಲಿಲ್ಲ. ತಿಳಿದೂ ಚೊಂಬನ್ನು ಅವನತ್ತ ಚಾಚಲಿಲ್ಲ. ಬಾಲೂ ಅವರ ಕಥೆ ನೂರು ವರ್ಷ ಹಳೆಯದೆಂದು ಹೇಳಿ ಕೈತೊಳೆದುಕೊಳ್ಳುವ ಹಕ್ಕು ಆದಕಾರಣ ನನಗಿಲ್ಲ.

ಮತ್ತೆ ಪುಣೆಗೆ ಬರೋಣ. ಹಿಂದೂಗಳ ತಂಡ ಗೆಲ್ಲತೊಡಗಿತು. ಸಾತಾರಾದಲ್ಲಿ ಬಿಳಿಯರಿಗೆ ಮಾತ್ರ ಮೀಸಲಾದ ಜಿಮಖಾನದ ಮೇಲೆ ಪಂದ್ಯ ಗೊತ್ತಾದಾಗ, ಬಾಲೂ ಅವರ ಚೆಂಡು ತಿರುಗದಿರಲೆಂದು ಅಲ್ಲಿಯವರು ಪಿಚ್ಚನ್ನು ಒಂದು ವಾರ ರೋಲರಿನಿಂದ ಅರೆದರಂತೆ. ಆದರೂ ಚೆಂಡು ತಿರುಗಿತು, ಏಳು ವಿಕೆಟ್ಟುಗಳು ಅವರಿಗೇ ಬಿದ್ದವು, ಬಿಳಿಯರು ಸೋತರು. ಪುಣೆಗೆ ಮರಳಿದಾಗ ಸನ್ಮಾನ ನಡೆಯಿತು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಬಾಲೂ ಅವರಿಗೆ ಹೂಮಾಲೆ ಹಾಕಿದರು. ಒಟ್ಟಿಗೆ ಆಡಬಲ್ಲವರು ಒಟ್ಟಿಗೆ ಕುಡಿಯಲೂ ಉಣ್ಣಲೂ ಬೇಕೆಂಬ ಅರ್ಥದಲ್ಲಿ ಅವರು ತಂಡದ ಇತರರಿಗೆ ಬುದ್ಧಿ ಹೇಳಿದರೆಂದು ತಿಳಿದುಬರುತ್ತದೆ. ಲೋಕಮಾನ್ಯ ತಿಲಕರೂ ಬಾಲೂ ಅವರನ್ನು ಸಭೆಯಲ್ಲಿ ಮೆಚ್ಚಿ ಮಾತನಾಡಿದರು. ಸುಧಾರಣೆಯ ವಿಷಯದಲ್ಲಿ ಪರಸ್ಪರ ಒಪ್ಪದ ಈ ಇಬ್ಬರು ಹಿರಿಯರು ಈ ಎಸೆಗಾರನ ವಿಷಯದಲ್ಲಿ ಒಂದಾದರೆಂಬುದು ಗಮನಿಸತಕ್ಕ ಸಂಗತಿ.

ಪುಣೆಯಲ್ಲಿ ಪ್ಲೇಗು ಹಬ್ಬಿದ ಕಾಲದಲ್ಲಿ ಬಾಲೂ ಮುಂಬಯಿಗೆ ಹೋದರು. ಅಲ್ಲಿ ರೈಲ್ವೆಯಲ್ಲಿ ಕೆಲಸ ಸಿಕ್ಕಿತು. ಹಿಂದೂ ಜಿಮಖಾನದ ಪರವಾಗಿ ಆಡಲು ಕರೆ ಬಂದಿತು. ಅಲ್ಲಿಯೂ ಕೆಲವರ ಆಕ್ಷೇಪಣೆ, ಅಲ್ಲಿಯೂ ಚರ್ಚೆ, ಅಲ್ಲಿಯೂ ಕಡೆಗೆ ಪ್ರವೇಶ. ೧೯೦೬ರಲ್ಲಿ, ನಮ್ಮ ಹಿರಿಯೂರಿನ ಬಳಿ ಮಾರಿಕಣಿವೆಯ ಅಣೆಕಟ್ಟು ಮುಗಿಯುತ್ತ ಬಂದಿದ್ದ ಕಾಲದಲ್ಲಿ, ಮುಂಬಯಿಯಲ್ಲಿ ಹಿಂದೂಗಳಿಗೂ ಯೂರೋಪಿಯನರಿಗೂ ಪಂದ್ಯ ನಡೆಯಿತು. ಹಿಂದೂಗಳು ಮೊದಲು ೨೪೨, ಆಮೇಲೆ ೧೬೦ ರನ್ನುಗಳನ್ನು ಮಾಡಿದರು. ಯೂರೋಪಿಯನರು ೧೯೧ಕ್ಕೂ ೧೦೨ಕ್ಕೂ ಉರುಳಿ ೧೦೯ ರನ್ನುಗಳಿಂದ ಸೋತರು. ಬಂಗಾಳದ ವಿಭಜನೆಯಿಂದ ದೇಶ ಕುದಿಯುತ್ತಿದ್ದ ದಿನಗಳವು. ಆಳುವವರನ್ನು ಅವರದೇ ಆಟದಲ್ಲಿ ಸೋಲಿಸಿದ್ದು ದೊಡ್ಡ ಸುದ್ದಿಯಾಯಿತು. ಸುಧಾರಕರ ಪತ್ರಿಕೆಗಳು ಇದರಲ್ಲಿ ಇನ್ನೊಂದು ಗೆಲುವನ್ನೂ ಕಂಡವು: ಅಸ್ಪೃಶ್ಯರನ್ನು ಜೊತೆಗೆ ಸೇರಿಸಿಕೊಂಡದ್ದರಿಂದಲೇ ಹಿಂದೂಗಳಿಗೆ ಈ ಜಯ ಬಂದಿತೆಂಬುದನ್ನು ಎತ್ತಿ ಹೇಳಿದವು. ಮುಂಬಯಿಯಲ್ಲಿ ಕಾಲಕ್ರಮೇಣ ಪಂಕ್ತಿಯೂ ಸಡಿಲವಾಯಿತು. ಮಣ್ಣಿನ ಕುಡಿಕೆ ಮರೆಯಾಯಿತು.

೧೯೧೧ರಲ್ಲಿ ಅಖಿಲ ಭಾರತದ ಮೊದಲ ಕ್ರಿಕೆಟ್ ತಂಡ ಇಂಗ್ಲೆಂಡಿಗೆ ಹೊರಟಿತು. ನಾಯಕರು ಪಟಿಯಾಲೆಯ ಮಹಾರಾಜ ಭೂಪೀಂದರ್ ಸಿಂಗ್. ಆಗಿನ್ನೂ ಹತ್ತೊಂಬತ್ತರ ತರುಣ. ಮಹಾರಾಜರಿಗೆ ಅಲ್ಲಿ ವಿನೋದಗೋಷ್ಠಿಗಳೇ ಬಹಳವಾಗಿದ್ದವು. ತಂಡ ಒಟ್ಟು ೨೩ ಪಂದ್ಯಗಳಲ್ಲಿ ೧೫ನ್ನು ಸೋತಿತು. ಆ ಸೋಲಿನ ಬೇಸಗೆಯಲ್ಲಿ ಗೆದ್ದವರು ಒಬ್ಬ ಬಾಲೂ. ಮೂವತ್ತೈದರ ಪ್ರಾಯ, ನೋಯುತ್ತಿದ್ದ ಭುಜ, ಎಂದೂ ಕಾಣದ ಚಳಿ, ಕೈಯಿಂದ ಕ್ಯಾಚುಗಳನ್ನು ಚೆಲ್ಲುವ ಸಂಗಡಿಗರು: ಇಷ್ಟೆಲ್ಲದರ ನಡುವೆ ಅವರು ಪ್ರಥಮ ದರ್ಜೆಯ ಪಂದ್ಯಗಳಲ್ಲಿ ೭೫ ವಿಕೆಟ್ಟುಗಳನ್ನೂ ಎಲ್ಲ ಪಂದ್ಯಗಳನ್ನು ಸೇರಿಸಿದರೆ ೧೧೪ ವಿಕೆಟ್ಟುಗಳನ್ನೂ ಪಡೆದರು. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಸರದಿಯಲ್ಲಿ ೧೦೩ ರನ್ನು ಕೊಟ್ಟು ೮ ಮಂದಿಯನ್ನು ಔಟು ಮಾಡಿದರು. ಇಂಗ್ಲೆಂಡಿನ ಮೇಲು ಮಟ್ಟದ ಎಡಗೈ ಬೌಲರಾದ ವಿಲ್ಫ್ರೆಡ್ ರೋಡ್ಸ್‌ರೊಡನೆ ಜನ ಅವರನ್ನು ಹೋಲಿಸಿದರು. ತಮ್ಮ ಶಿವರಾಮರೂ ಅದೇ ತಂಡದಲ್ಲಿದ್ದರು. ಮುಂಬಯಿಗೆ ಮರಳಿದಾಗ ದಲಿತ ಸಮುದಾಯದವರು ಬಾಲೂ ಅವರನ್ನು ತಮ್ಮ ವೀರನೆಂದು ಆದರಿಸಿದರು. ಅವರನ್ನು ಮೆಚ್ಚಿ ನೋಡುತ್ತಿದ್ದ ಎಳೆಯರಲ್ಲಿ ಭೀಮರಾವ್ ಅಂಬೇಡ್ಕರ್ ಎಂಬ ಕಾಲೇಜಿನ ವಿದ್ಯಾರ್ಥಿಯೂ ಒಬ್ಬರು.

ಇಷ್ಟಾದ ಮೇಲೆ ಉಳಿದದ್ದು ಒಂದೇ ಮೆಟ್ಟಿಲು: ನಾಯಕತ್ವ. ಹಿಂದೂಗಳ ತಂಡದಲ್ಲಿ ಬಾಲೂ ಅವರಿಗಿಂತ ದೊಡ್ಡ ಆಟಗಾರರಿರಲಿಲ್ಲ. ಅವರಷ್ಟು ಅನುಭವ ಮತ್ತೊಬ್ಬರಿಗಿರಲಿಲ್ಲ. ಆದರೆ ಚೆಂಡು ಎಸೆಯುವುದು ಒಂದು. ಮೇಲುಜಾತಿಯ ಹತ್ತು ಮಂದಿಗೆ ನೀನು ಅಲ್ಲಿ ನಿಲ್ಲು, ನೀನು ಇಲ್ಲಿ ನಿಲ್ಲು ಎಂದು ಅಪ್ಪಣೆ ಕೊಡುವುದು ಮತ್ತೊಂದು. ಸುಮಾರು ಹತ್ತು ವರ್ಷ ಪ್ರತಿಸಲವೂ ಅವರ ಹೆಸರು ಬಂದಿತು, ಪ್ರತಿಸಲವೂ ಬದಿಗೆ ಸರಿಯಿತು. ೧೯೧೩ರಲ್ಲಿ ನಾಯಕರಾದವರು ಎಂ. ಡಿ. ಪೈ. ಅವರು ತಮಗಾಗಿ ನಡೆದ ಸನ್ಮಾನದ ಸಭೆಯಲ್ಲಿಯೇ ಎದ್ದುನಿಂತು, ಹಿರಿತನದಿಂದಲೂ ಅನುಭವದಿಂದಲೂ ಈ ಗೌರವ ಬಾಲೂ ಅವರಿಗೆ ಸಲ್ಲಬೇಕಾಗಿತ್ತೆಂದು ಹೇಳಿದರು. ಕುರ್ಚಿಯ ಮೇಲೆ ಕುಳಿತವರೇ ಅದು ತಮ್ಮದಲ್ಲವೆಂದು ಹೇಳುವುದು ಅಪರೂಪ. ಆದರೆ ಕುರ್ಚಿ ಅಲ್ಲಿಂದ ಕದಲಲಿಲ್ಲ.

೧೯೨೦ರಲ್ಲಿ ಬಾಲೂ ಅವರನ್ನು ತಂಡದಿಂದಲೇ ಕೈಬಿಟ್ಟರು. ಆಗ ಅವರ ವಯಸ್ಸು ನಲವತ್ತನ್ನು ದಾಟಿತ್ತು. ಆದರೆ ತಮ್ಮಂದಿರಾದ ಶಿವರಾಮ ಮತ್ತು ವಿಠಲರು ಅದನ್ನು ವಯಸ್ಸಿನ ಮಾತೆಂದು ಒಪ್ಪಲಿಲ್ಲ. ನಾಯಕತ್ವ ಕೊಡದೆ ಇರುವುದಕ್ಕೆ ಜಾತಿಯೇ ಕಾರಣವೆಂದು ಬಹಿರಂಗವಾಗಿ ಸಾರಿ, ಅವರಿಬ್ಬರೂ ತಂಡವನ್ನು ತೊರೆದರು. ಅಣ್ಣ ಮೂವತ್ತು ವರ್ಷ ಮೌನವಾಗಿ ಸಹಿಸಿದ್ದಕ್ಕೆ ತಮ್ಮಂದಿರು ಮಾತು ಕೊಟ್ಟರು. ಪತ್ರಿಕೆಗಳಲ್ಲಿ ವಾದ ಎದ್ದಿತು. ಗಾಂಧೀಜಿಯವರು ಅಸ್ಪೃಶ್ಯತೆಯನ್ನು ಪಾಪವೆಂದು ಸಾರುತ್ತಿದ್ದ ಕಾಲ ಅದು. ಮುಂದೆ ಪೈ ಅವರು ನಾಯಕರಾಗಿ ಮರಳಿದಾಗ ಬಾಲೂ ಉಪನಾಯಕರಾಗಿ ಬಂದರು. ಪಂದ್ಯದ ನಡುವೆ ಪೈ ಕೆಲಹೊತ್ತು ಮೈದಾನದಿಂದ ಹೊರಗುಳಿದರು. ಆ ಹೊತ್ತು ಹಿಂದೂಗಳ ತಂಡವನ್ನು ನಡೆಸಿದವರು ಬಾಲೂ. ಮೂವತ್ತು ವರ್ಷದ ದುಡಿಮೆಗೆ ಕೆಲವು ಗಂಟೆಗಳ ನಾಯಕತ್ವ. ೧೯೨೩ರಲ್ಲಿ ವಿಠಲರು ಪೂರ್ಣಾಧಿಕಾರದ ನಾಯಕರಾದರು. ಹಿಂದೂಗಳು ಆ ವರ್ಷ ಗೆದ್ದರು. ಅಣ್ಣ ತಟ್ಟಿದ ಬಾಗಿಲಿನಿಂದ ತಮ್ಮ ಒಳಗೆ ಹೋದ. ವಿಠಲರು ೧೯೪೮ರಲ್ಲಿ ಮರಾಠಿಯಲ್ಲಿ ತಮ್ಮ ಆಟದ ಜೀವನವನ್ನು ಬರೆದು ಪ್ರಕಟಿಸಿದರು.

ಕಡಲಾಚೆಯ ಒಂದು ಬಾಳನ್ನು ಇಲ್ಲಿ ಪಕ್ಕದಲ್ಲಿ ಇಟ್ಟು ನೋಡಬಹುದು. ಅಮೆರಿಕದಲ್ಲಿ ೧೯೧೯ರಲ್ಲಿ ಹುಟ್ಟಿದ ಜಾಕಿ ರಾಬಿನ್‌ಸನ್ ಎಂಬ ಕಪ್ಪುಜನಾಂಗದ ಹುಡುಗ ತನ್ನ ಪ್ರೌಢಶಾಲೆಯ ದಿನಗಳಲ್ಲೇ ಅಲ್ಲಿಯ ಬಗೆಯ ಫುಟ್‌ಬಾಲಿನಲ್ಲಿಯೂ ಬೇಸ್‌ಬಾಲಿನಲ್ಲಿಯೂ ಎಲ್ಲರಿಗಿಂತ ಮುಂದಿದ್ದ. ಬೇಸ್‌ಬಾಲೆಂದರೆ ನಮ್ಮ ಕ್ರಿಕೆಟ್ಟಿನ ದಾಯಾದಿ ಎನ್ನಬಹುದಾದ, ಚೆಂಡು ದಾಂಡುಗಳ ಆಟ. ಅದರ ದೊಡ್ಡ ತಂಡಗಳು ಬಹುಕಾಲದಿಂದ ಬಿಳಿಯರಿಗೆ ಮಾತ್ರ ತೆರೆದಿದ್ದವು. ೧೯೪೭ರ ಏಪ್ರಿಲ್ ೧೫ರಂದು ರಾಬಿನ್‌ಸನ್ ಬ್ರೂಕ್ಲಿನ್ನಿನ ತಂಡದ ಪರವಾಗಿ ಕಣಕ್ಕಿಳಿದಾಗ ಆ ಗೋಡೆ ಬಿರಿಯಿತು. ಬೈಗುಳವನ್ನು ಕೇಳಿಯೂ ಕೈ ಎತ್ತಬಾರದೆಂಬುದು ಅವರನ್ನು ಸೇರಿಸಿಕೊಂಡವರು ಕೇಳಿದ ಮಾತು. ಬಾಲೂ ಅವರಿಂದ ಯಾರೂ ಅಂಥ ಮಾತನ್ನು ಕೇಳಬೇಕಾಗಿರಲಿಲ್ಲ. ಅವರು ಬೆಳೆದ ಸಮಾಜ ಅದನ್ನು ಹುಟ್ಟಿನೊಡನೆಯೇ ಕಲಿಸಿತ್ತು. ರಾಬಿನ್‌ಸನ್ನರ ಆ ದಿನವನ್ನು ಅವರ ದೇಶ ಪ್ರತಿವರ್ಷವೂ ನೆನೆಯುತ್ತದೆ. ಅದಕ್ಕೂ ನಲವತ್ತು ವರ್ಷ ಮೊದಲು ಗೋಡೆ ಬಿರಿಸಿದ ಧಾರವಾಡದ ಮಗನ ಹೆಸರನ್ನು ನನ್ನ ತರಗತಿಯ ಅರುವತ್ತು ಮಂದಿಯಲ್ಲಿ ಒಬ್ಬರೂ ಕೇಳಿರಲಿಲ್ಲ.

ಆಟ ಬಿಟ್ಟ ಮೇಲಿನ ಬಾಲೂ ಅವರ ಜೀವನ ಸರಳವಾದ ಕಥೆಯಲ್ಲ. ಅವರು ಗಾಂಧೀಜಿಯವರನ್ನು ನಂಬಿದರು. ಹಿಂದೂ ಸಮಾಜದ ಒಳಗೇ ಇದ್ದು ಅದನ್ನು ತಿದ್ದಬಹುದೆಂಬುದು ಅವರ ವಿಶ್ವಾಸ. ೧೯೩೨ರಲ್ಲಿ ದಲಿತರ ಪ್ರತ್ಯೇಕ ಮತಕ್ಷೇತ್ರದ ಪ್ರಶ್ನೆಯಲ್ಲಿ ಗಾಂಧೀಜಿ ಯರವಡಾ ಜೈಲಿನಲ್ಲಿ ಉಪವಾಸ ಹೂಡಿದಾಗ, ಅಂಬೇಡ್ಕರರೊಡನೆ ಸಂಧಾನ ನಡೆಸಿದವರಲ್ಲಿ ಬಾಲೂ ಸೇರಿದ್ದರು. ಸೆಪ್ಟೆಂಬರ್ ೨೪ರ ಪೂನಾ ಒಪ್ಪಂದದಲ್ಲಿ ಅವರ ರುಜುವೂ ಇದೆ. ೧೯೩೭ರ ಮುಂಬಯಿ ಶಾಸನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ಸು ಅವರನ್ನು ಅಂಬೇಡ್ಕರರ ವಿರುದ್ಧವೇ ನಿಲ್ಲಿಸಿತು. ಅಂಬೇಡ್ಕರರಿಗೆ ೧೩,೨೪೫ ಮತಗಳು ಬಂದವು. ಬಾಲೂ ಅವರಿಗೆ ೧೧,೨೨೫. ಒಮ್ಮೆ ತಮ್ಮನ್ನು ಮೆಚ್ಚಿ ನೋಡಿದ ಹುಡುಗನ ಎದುರಿಗೆ ನಿಂತು ಬಾಲೂ ಸೋತರು. ಅವರ ನಿಲುವನ್ನು ಇಂದು ನಾವು ತಪ್ಪೆಂದು ಹೇಳುವುದು ಸುಲಭ. ಆದರೆ ಅವರ ಅನುಭವದ ಕಡೆಯಿಂದಲೂ ಒಮ್ಮೆ ನೋಡಬೇಕು. ಪೆವಿಲಿಯನ್ನಿನ ಹೊರಗೆ ನಿಂತು ಮಣ್ಣಿನ ಕುಡಿಕೆಯಲ್ಲಿ ಕುಡಿದವರು, ಕಾಲಕ್ರಮದಲ್ಲಿ ಒಳಗೆ ಕುಳಿತು ಪಿಂಗಾಣಿಯಲ್ಲಿ ಕುಡಿದಿದ್ದರು. ಬಾಗಿಲು ತೆರೆಯುವುದನ್ನು ಕಣ್ಣಾರೆ ಕಂಡವರಿಗೆ, ಇನ್ನೂ ಅಗಲವಾಗಿ ತೆರೆಯುವುದೆಂಬ ನಂಬಿಕೆ ಸಹಜ. ಅಂಬೇಡ್ಕರರು ಕೇಳಿದ್ದು ಬೇರೆಯ ಪ್ರಶ್ನೆ: ಎಡಗೈಯಲ್ಲಿ ಅಂಥ ವಿದ್ಯೆ ಇಲ್ಲದ ಲಕ್ಷಾಂತರ ಜನರಿಗೆ ಆ ಬಾಗಿಲನ್ನು ತೆರೆಯುವವರು ಯಾರು? ಈ ಪ್ರಶ್ನೆಯ ಮುಂದೆ ಬಾಲೂ ಅವರ ನಂಬಿಕೆ ಚಿಕ್ಕದಾಗಿ ಕಾಣುತ್ತದೆ. ಅವರ ಬಾಳು ಮಾತ್ರ ಚಿಕ್ಕದಾಗುವುದಿಲ್ಲ.

೧೯೫೫ರ ಜುಲೈ ೪ರಂದು ಮುಂಬಯಿಯಲ್ಲಿ ಬಾಲೂ ತೀರಿಕೊಂಡರು. ಭಾರತ ಟೆಸ್ಟ್ ಪಂದ್ಯಗಳನ್ನು ಆಡತೊಡಗಿದ್ದು ೧೯೩೨ರಲ್ಲಿ. ಅಷ್ಟು ಹೊತ್ತಿಗೆ ಅವರ ಆಟ ಮುಗಿದು ಹನ್ನೊಂದು ವರ್ಷವಾಗಿತ್ತು. ೩೩ ಪ್ರಥಮ ದರ್ಜೆಯ ಪಂದ್ಯಗಳು, ೧೭೯ ವಿಕೆಟ್ಟುಗಳು, ವಿಕೆಟ್ಟಿಗೆ ಹದಿನೈದು ಚಿಲ್ಲರೆ ರನ್ನು: ದಾಖಲೆಯ ಪುಸ್ತಕದಲ್ಲಿ ಅವರ ಬಾಳು ಇಷ್ಟು. ಅವರು ಹುಟ್ಟಿದ ಧಾರವಾಡ ಕನ್ನಡಿಗರ ಒಂದೇ ರಾಜ್ಯಕ್ಕೆ ಸೇರಿದ್ದು ಮರುವರ್ಷದ ನವೆಂಬರಿನಲ್ಲಿ. ಮರಾಠಿ ಮನೆತನವೆಂದು ನಾವೂ, ಹುಟ್ಟಿದ್ದು ಕನ್ನಡ ನಾಡೆಂದು ಅವರೂ ಮರೆತರೆ, ಇಂಥವರು ಯಾರ ನೆನಪಿಗೂ ಸೇರದೆ ಉಳಿಯುತ್ತಾರೆ.

ಹೊಸದುರ್ಗದ ನನ್ನ ವಿದ್ಯಾರ್ಥಿಗೆ ಈಗ ಉತ್ತರ ಹೇಳಬಹುದು. ಸಾಮರ್ಥ್ಯ ಬಾಲೂ ಅವರನ್ನು ಮೈದಾನದ ಒಳಗೆ ಕರೆತಂದಿತೆಂಬುದು ನಿಜ. ಆದರೆ ಮೈದಾನದಿಂದ ಪೆವಿಲಿಯನ್ನಿಗೆ ಇರುವ ಐವತ್ತು ಹೆಜ್ಜೆಗಳನ್ನು ನಡೆಯಲು ಸಾಮರ್ಥ್ಯವೊಂದೇ ಸಾಲಲಿಲ್ಲ. ಅದಕ್ಕೆ ರಾನಡೆಯವರ ಬುದ್ಧಿಮಾತು ಬೇಕಾಯಿತು, ಪೈ ಅವರ ಸಂಕೋಚ ಬೇಕಾಯಿತು, ತಮ್ಮಂದಿರ ಸಿಟ್ಟು ಬೇಕಾಯಿತು. ಉಳಿದವರ ಚೊಂ‌ಬು ಮುಂದೆ ಚಾಚದಿದ್ದರೆ ಎಷ್ಟು ಒಳ್ಳೆಯ ಎಸೆಗಾರನಾದರೂ ಬೊಗಸೆ ಒಡ್ಡಿಯೇ ನಿಲ್ಲಬೇಕಾಗುತ್ತದೆ.

ಕೆರೆಯಂಗಳದ ನನ್ನ ಗೆಳೆಯ ಈಗ ಲಾರಿ ನಡೆಸುತ್ತಾನೆ, ಮನೆ ಹಿರಿಯೂರಿನಲ್ಲಿ. ಬೆಂಗಳೂರಿನಿಂದ ಪುಣೆಗೆ, ಪುಣೆಯಿಂದ ಬೆಂಗಳೂರಿಗೆ, ಬಾಲೂ ಅವರ ದಾರಿಯಲ್ಲೇ ಅವನ ದುಡಿಮೆ. ಮೊನ್ನೆ ಬೇಸಿಗೆಯಲ್ಲಿ ಅವನ ಮನೆಗೆ ಹೋಗಿದ್ದೆ. ಅವನ ಹೆಂಡತಿ ಸ್ಟೀಲಿನ ಲೋಟದಲ್ಲಿ ನೀರು ತಂದುಕೊಟ್ಟರು, ನಾನು ಕುಡಿದೆ. ಮೂವತ್ತು ವರ್ಷ ಹಿಂದಿನ ಮಾತನ್ನು ಎತ್ತಬೇಕೆಂದೇ ಹೋಗಿದ್ದೆ, ಬಾಯಿ ಬರಲಿಲ್ಲ. ಅದರ ಬದಲು ಬಾಲೂ ಅವರ ಕಥೆಯನ್ನು ಹೇಳಿದೆ. ಕುಡಿಕೆಯ ಪ್ರಸಂಗ ಬಂದಾಗ ಅವನು ನನ್ನ ಮುಖವನ್ನು ನೋಡಿದ, ಏನೂ ಹೇಳಲಿಲ್ಲ. ಕಥೆ ಮುಗಿದ ಮೇಲೆ, ಆ ಮನುಷ್ಯರು ಎಸೆಯುತ್ತಿದ್ದದ್ದು ಎಡಗೈಯಿಂದಲೋ ಎಂದು ಮಾತ್ರ ಕೇಳಿದ. ಹೌದೆಂದೆ. ಅವನು ತನ್ನ ಎಡಗೈಯನ್ನು ಮಡಿಲಿನಿಂದ ಎತ್ತಿ, ಕಾಣದ ಚೆಂಡೊಂದನ್ನು ಹಿಡಿದವನಂತೆ ಬೆರಳುಗಳನ್ನು ಬಾಗಿಸಿ, ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕುಳಿತ.